ದಾನಿಯೇಲ 8:14ರ 2300 ದಿನಗಳನ್ನು ವರ್ಷವೆಂದು ಎಣಿಸಬೇಕೇ?

‘ಸಂಜೆ-ಮುಂಜಾನೆ ಎರಡು ಸಾವಿರದ ಮುನ್ನೂರು’ ಕಳೆದ ಮೇಲೆ ಪವಿತ್ರಾಲಯ ಶುದ್ಧವಾಗುತ್ತದೆ ಎನ್ನುವುದು ಬೈಬಲಿನ ಈ ವಚನದ ಸಾರ. ಸೆವೆಂತ್-ಡೇ ಅಡ್ವೆಂಟಿಸ್ಟರು ಎಂಬ ಕ್ರೈಸ್ತ ಪಂಗಡದವರು ಒಂದು ದಿನಕ್ಕೆ ಒಂದು ವರ್ಷದಂತೆ ಎಣಿಸಿ 1844ಕ್ಕೆ ಬರುತ್ತಾರೆ. ಅವರ 28 ಮೂಲ ನಂಬಿಕೆಗಳಲ್ಲಿ 24ನೆಯದು, ಅಂದರೆ 1844ರಿಂದ ಕ್ರಿಸ್ತನು ಪರಲೋಕದ ಪವಿತ್ರಾಲಯದಲ್ಲಿ ವಿಶ್ವಾಸಿಗಳ ಕಡತ ವಿಚಾರಿಸುತ್ತಿದ್ದಾನೆ ಎನ್ನುವುದು, ನಿಂತಿರುವುದು ಇದೇ ಎಣಿಕೆಯ ಮೇಲೆ.

ಪರ: ಅಳತೆ 9ನೇ ಅಧ್ಯಾಯದಲ್ಲಿದೆ

2300 ಎಲ್ಲಿಂದ ಶುರುವಾಗುತ್ತದೆ ಎಂದು 8ನೇ ಅಧ್ಯಾಯ ಹೇಳುವುದಿಲ್ಲ. ದಾನಿಯೇಲ ಅಲ್ಲಿ ದರ್ಶನದಲ್ಲಿ ಒಂದು ಟಗರು, ಒಂದು ಹೋತ, ಆಮೇಲೆ ಬೆಳೆಯುವ ಒಂದು ಚಿಕ್ಕ ಕೊಂಬನ್ನು ಕಾಣುತ್ತಾನೆ. ಟಗರು ಮೇದ್ಯ-ಪಾರಸಿಯ, ಹೋತ ಗ್ರೀಸ್ ಎಂದು ದೇವದೂತ ಗಬ್ರಿಯೇಲ ಬಿಡಿಸಿ ಹೇಳುತ್ತಾನೆ. ಕಾಲದ ಮಾತು ಬಂದಾಗ ಮಾತ್ರ ‘ಅದು ನಿಜ’ ಎಂದು ಅಲ್ಲಿಗೇ ನಿಲ್ಲಿಸುತ್ತಾನೆ (8:26). ದಾನಿಯೇಲನಿಗೆ ಅರ್ಥವಾಗುವುದಿಲ್ಲ, ಕಾಯಿಲೆ ಬೀಳುತ್ತಾನೆ. 9ನೇ ಅಧ್ಯಾಯದಲ್ಲಿ ಅದೇ ಗಬ್ರಿಯೇಲ ಮರಳಿ ಬಂದು ದರ್ಶನವನ್ನು ಗ್ರಹಿಸಿಕೋ ಅನ್ನುತ್ತಾನೆ. ಸಂಜೆ-ಮುಂಜಾನೆಯ ದರ್ಶನಕ್ಕೆ 8:26ರಲ್ಲಿ ಬಳಸಿದ ‘ಮರ್‌ಎ’ ಎಂಬ ಹೀಬ್ರೂ ಪದವೇ 9:23ರಲ್ಲೂ ಇದೆ. ಮರುವಚನದಲ್ಲಿ ಎಪ್ಪತ್ತು ವಾರಗಳು ಬರುತ್ತವೆ. ಅವು ದಾನಿಯೇಲನ ಜನರಿಗೆಂದು ‘ಕತ್ತರಿಸಿ’ ಇಟ್ಟವು. ಕತ್ತರಿಸಲು ಅದಕ್ಕಿಂತ ಉದ್ದದ ಬಟ್ಟೆ ಬೇಕು. ಎಪ್ಪತ್ತು ವಾರ ಎಂದರೆ 490 ವರ್ಷ ಎಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ. 2300 ಬರೀ ದಿನಗಳಾದರೆ ಆರು ವರ್ಷ, ಮೂರೂವರೆ ತಿಂಗಳು. ಅದರೊಳಗಿಂದ 490 ವರ್ಷ ಕತ್ತರಿಸುವುದು ಹೇಗೆ?

ಇನ್ನು ಎಣಿಕೆ. ಯೆರೂಸಲೇಮನ್ನು ಕಟ್ಟುವ ಅಪ್ಪಣೆಯಿಂದ ಶುರು ಮಾಡು ಎನ್ನುತ್ತದೆ 9:25. ಎಜ್ರ 7ರ ಪ್ರಕಾರ ಅದು ಪಾರಸಿಯ ರಾಜ ಅರ್ತಷಸ್ತನ ಏಳನೇ ವರ್ಷ. ಅವನ ತಂದೆ ಸತ್ತದ್ದು ಕ್ರಿ.ಪೂ. 465ರಲ್ಲಿ. ಇಲ್ಲಿ ಎಡವುವವರು ಬಹಳ, ಯಾಕೆಂದರೆ ವರ್ಷ ಯಾವ ತಿಂಗಳಲ್ಲಿ ಬದಲಾಗುತ್ತದೆ ಎಂಬುದನ್ನು ನೋಡುವುದಿಲ್ಲ. ಪಾರಸಿಯರಿಗೆ ಹೊಸ ವರ್ಷ ವಸಂತದಲ್ಲಿ. ಆದರೆ ನೆಹೆಮೀಯ 1:1ರ ಕಿಸ್ಲೇವ್ (ನವೆಂಬರ್-ಡಿಸೆಂಬರ್) 20ನೇ ವರ್ಷದ್ದು, 2:1ರ ನೀಸಾನ್ (ಮಾರ್ಚ್-ಏಪ್ರಿಲ್) ಕೂಡ 20ನೇ ವರ್ಷದ್ದೇ. ನೀಸಾನಿನಲ್ಲಿ ವರ್ಷ ಬದಲಾಗಿದ್ದರೆ 21 ಆಗಬೇಕಿತ್ತು. ಅಂದರೆ ಈ ಯೆಹೂದ್ಯರ ಲೆಕ್ಕದಲ್ಲಿ ವರ್ಷ ಬದಲಾಗುತ್ತಿದ್ದದ್ದು ಶರತ್ಕಾಲದಲ್ಲಿ. ನಮ್ಮಲ್ಲಿ ಕ್ಯಾಲೆಂಡರು ಜನವರಿಗೆ, ಹಣಕಾಸು ವರ್ಷ ಏಪ್ರಿಲಿಗೆ ಬದಲಾಗುವುದಿಲ್ಲವೇ, ಹಾಗೆ. ಈ ಲೆಕ್ಕದಲ್ಲಿ ಎಜ್ರ ಯೆರೂಸಲೇಮಿಗೆ ಬಂದದ್ದು ಕ್ರಿ.ಪೂ. 457ರಲ್ಲಿ.

ಅಪ್ಪಣೆಯಿಂದ ಅಭಿಷಿಕ್ತನವರೆಗೆ 69 ವಾರ ಎನ್ನುತ್ತದೆ 9:25. 69 ವಾರ ಎಂದರೆ 483 ವರ್ಷ. 483ರಲ್ಲಿ 457 ಕಳೆದರೆ 26. ಕ್ರಿ.ಪೂ. 1 ಆದ ಕೂಡಲೇ ಕ್ರಿ.ಶ. 1 ಬರುತ್ತದೆ, ನಡುವೆ ಸೊನ್ನೆ ವರ್ಷವಿಲ್ಲ. ಹಾಗಾಗಿ ಒಂದು ಕೂಡಿಸಿ 27. ಲೂಕ 3:1ರ ತಿಬೇರಿಯ ಕೈಸರನ 15ನೇ ವರ್ಷ, ಯೇಸುವಿನ ದೀಕ್ಷಾಸ್ನಾನ. ಕೊನೆಯ ವಾರದ ನಡುವೆ, 31ರಲ್ಲಿ, ಶಿಲುಬೆ. 34ಕ್ಕೆ 490 ಮುಗಿಯುತ್ತದೆ. 2300ರಲ್ಲಿ ಉಳಿದದ್ದು 1810. ಅದಕ್ಕೆ 34 ಕೂಡಿಸಿದರೆ 1844.

ನ್ಯೂಯಾರ್ಕ್ ರಾಜ್ಯದ ರೈತ, ಬ್ಯಾಪ್ಟಿಸ್ಟ್ ಬೋಧಕ ವಿಲಿಯಂ ಮಿಲ್ಲರ್ ಮೊದಲು ಆ ಒಂದನ್ನು ಕೂಡಿಸಲಿಲ್ಲ, ಯೇಸು ಮರಳಿ ಬರುವುದು 1843ಕ್ಕೆ ಎಂದ. ಆಮೇಲೆ ಅವನ ಅನುಯಾಯಿ ಸ್ಯಾಮ್ಯುಯೆಲ್ ಸ್ನೋ, ಯೆಹೂದ್ಯರ ಏಳನೇ ತಿಂಗಳ ಹತ್ತನೇ ದಿನ, ದೋಷಪರಿಹಾರಕ ದಿನ, ಅಕ್ಟೋಬರ್ 22 ಎಂದು ಗೊತ್ತುಮಾಡಿದ. ಆ ವರ್ಷ ರಬ್ಬಿಗಳ ಪಂಚಾಂಗದಲ್ಲಿ ಅದು ಸೆಪ್ಟೆಂಬರ್ 23ಕ್ಕೇ ಬಂದಿತ್ತು. ಬಾರ್ಲಿ ಬಲಿತದ್ದನ್ನು ನೋಡಿ ಅಧಿಕ ಮಾಸ ಸೇರಿಸುವ ಕರಾಯರ (ರಬ್ಬಿಗಳನ್ನು ಒಪ್ಪದ ಯೆಹೂದ್ಯ ಪಂಗಡ) ಪದ್ಧತಿಯನ್ನು ಸ್ನೋ ಹಿಡಿದದ್ದರಿಂದ ಒಂದು ತಿಂಗಳು ಮುಂದೆ ಹೋಯಿತು. ಆ ದಿನ ಯೇಸು ಬರಲಿಲ್ಲ. ಪವಿತ್ರಾಲಯ ಎಂದರೆ ಭೂಮಿ ಎಂದು ಮಿಲ್ಲರ್ ತಿಳಿದಿದ್ದ. ತಪ್ಪಿದ್ದು ಅಲ್ಲಿ, ಎಣಿಕೆಯಲ್ಲಲ್ಲ. ಇಬ್ರಿಯ 8:1-2 ಹೇಳುವ ಪರಲೋಕದ ಗುಡಾರದಲ್ಲಿ, ಯಾಜಕಕಾಂಡ 16ರ ವಾರ್ಷಿಕ ಶುದ್ಧೀಕರಣಕ್ಕೆ ಸಮನಾದ ಕೆಲಸ ಅಂದು ಶುರುವಾಯಿತು.

ಚಿಕ್ಕ ಕೊಂಬು ಸಿರಿಯಾದ ಗ್ರೀಕ್ ರಾಜ ನಾಲ್ಕನೇ ಅಂತಿಯೋಕ ಎನ್ನುವವರು ಅಧ್ಯಾಯದ ಏರುವಿಕೆಯನ್ನು ಗಮನಿಸಲಿ. ಟಗರು ದೊಡ್ಡದಾಯಿತು, ಹೋತ ಬಹು ದೊಡ್ಡದಾಯಿತು, ಕೊಂಬು ಅತ್ಯಂತ ದೊಡ್ಡದಾಯಿತು. ರೋಮಿನ ಒಬ್ಬ ದೂತನ ಮಾತಿಗೆ ಈಜಿಪ್ಟ್ ಬಿಟ್ಟು ಹಿಂದೆ ಸರಿದ ಅಂತಿಯೋಕ ಅಲೆಕ್ಸಾಂಡರನಿಗಿಂತ ದೊಡ್ಡವನೇ?

ವಿರೋಧ: ಪ್ರಶ್ನೆ 13ನೇ ವಚನದಲ್ಲಿದೆ

ಸೊನ್ನೆ ವರ್ಷದ ಬಗ್ಗೆ ತಕರಾರಿಲ್ಲ. ದಿನವನ್ನು ವರ್ಷ ಮಾಡಲು ಅಪ್ಪಣೆ ಎಲ್ಲಿದೆ ಎನ್ನುವುದು ತಕರಾರು. ಅಡ್ವೆಂಟಿಸ್ಟರು ಎರಡು ವಚನ ತೋರಿಸುತ್ತಾರೆ. ಅರಣ್ಯಕಾಂಡ 14:34ರಲ್ಲಿ ಗೂಢಚಾರರ 40 ದಿನಕ್ಕೆ ಅಡವಿಯಲ್ಲಿ 40 ವರ್ಷದ ಶಿಕ್ಷೆ. ಯೆಹೆಜ್ಕೇಲ 4:6ರಲ್ಲಿ ಒಂದು ವರ್ಷದ ಅಪರಾಧಕ್ಕೆ ಪ್ರವಾದಿ ಒಂದು ದಿನ ಮಗ್ಗುಲಾಗಿ ಮಲಗಬೇಕು. ಎರಡು ಕಡೆಯೂ ಇದಕ್ಕೆ ಇದು ಎಂದು ಬಾಯಿಬಿಟ್ಟು ಹೇಳಿದೆ. ದಾನಿಯೇಲ 8ರಲ್ಲಿ ಅಂಥ ಮಾತೇ ಇಲ್ಲ. 9:2ರಲ್ಲಿ ದಾನಿಯೇಲ ಯೆರೆಮೀಯನ 70 ವರ್ಷವನ್ನು 70 ವರ್ಷವೆಂದೇ ಓದುತ್ತಾನೆ. 360ರಿಂದ ಗುಣಿಸಿ 25,200 ಎಂದು ಯಾರೂ ಹೇಳುವುದಿಲ್ಲ.

ಎಪ್ಪತ್ತು ವಾರದಿಂದಲೂ ಈ ಸೂತ್ರ ಹುಟ್ಟುವುದಿಲ್ಲ. ಹೀಬ್ರೂವಿನಲ್ಲಿ ಆ ಪದ ಏಳರ ಗುಂಪು ಅಷ್ಟೇ. ಯಾಜಕಕಾಂಡ 25:8ರಲ್ಲಿ ಏಳೇಳು ವರ್ಷದ ಗುಂಪುಗಳನ್ನು ಎಣಿಸುವ ಕ್ರಮ ಮೊದಲೇ ಇದೆ. ದಾನಿಯೇಲ 10:2ರಲ್ಲಿ ಮಾಮೂಲಿ ವಾರ ಹೇಳಬೇಕಾದಾಗ ಮೂಲದಲ್ಲಿ ‘ಮೂರು ವಾರ ದಿನಗಳು’ ಎಂದು ಬೇಕೆಂದೇ ‘ದಿನಗಳು’ ಸೇರಿಸಿದೆ. 490 ವರ್ಷ ನೇರವಾಗಿಯೇ ಬರುತ್ತದೆ, ದಿನವನ್ನು ವರ್ಷ ಮಾಡಬೇಕಾಗಿಲ್ಲ. ಬಟ್ಟೆ ಕತ್ತರಿಸುವ ಮಾತೂ ಗಟ್ಟಿಯಲ್ಲ. ಆ ಕ್ರಿಯಾಪದ ಇಡೀ ಹೀಬ್ರೂ ಬೈಬಲಿನಲ್ಲಿ ಒಮ್ಮೆ ಮಾತ್ರ ಬರುತ್ತದೆ. ನಂತರದ ಹೀಬ್ರೂವಿನಲ್ಲಿ ‘ನಿರ್ಣಯಿಸು’ ಎಂಬ ಅರ್ಥವೂ ಇದೆ.

457 ಕೂಡ ಅಲುಗಾಡುತ್ತದೆ. ಪಾರಸಿಯ ಲೆಕ್ಕದಲ್ಲಿ ಎಜ್ರನ ಪ್ರಯಾಣ ಕ್ರಿ.ಪೂ. 458. ಎಜ್ರ 7ರ ಪತ್ರದಲ್ಲಿ ಬೆಳ್ಳಿ, ಬಂಗಾರ, ಹೋರಿ, ಟಗರು, ನ್ಯಾಯಾಧಿಪತಿಗಳ ನೇಮಕ ಎಲ್ಲ ಇವೆ, ಊರು ಕಟ್ಟುವ ಮಾತಿಲ್ಲ. ಗೋಡೆಗೆ ಮರ ಕೊಡಿಸುವ ಪತ್ರ ನೆಹೆಮೀಯ 2ರದ್ದು, ಹದಿಮೂರು ವರ್ಷ ಆಮೇಲಿನದು.

8:14 ಒಂದು ಉತ್ತರ. ಪ್ರಶ್ನೆ ಇರುವುದು 13ರಲ್ಲಿ: ನಿತ್ಯಹೋಮ ನಿಂತು ಪವಿತ್ರಾಲಯ ತುಳಿತಕ್ಕೆ ಸಿಕ್ಕಿರುವುದು ಎಷ್ಟು ಕಾಲ? ನಿತ್ಯಹೋಮ ಬೆಳಗ್ಗೆ ಒಂದು ಕುರಿ, ಸಂಜೆ ಒಂದು ಕುರಿ (ವಿಮೋಚನಕಾಂಡ 29:38-39). 14ನೇ ವಚನದ ಮೂಲದಲ್ಲಿ ‘ದಿನ’ ಎಂಬ ಪದವೇ ಇಲ್ಲ, ಸಂಜೆ-ಮುಂಜಾನೆ ಎಂದಿದೆ. ತಪ್ಪಿಹೋದ 2300 ಹೋಮಗಳೆಂದರೆ 1150 ದಿನ. ಅಂತಿಯೋಕ ದೇವಾಲಯವನ್ನು ಹೊಲೆಮಾಡಿದ್ದು ಕ್ರಿ.ಪೂ. 167ರ ಕಿಸ್ಲೇವಿನಲ್ಲಿ, ಅವನ ವಿರುದ್ಧ ದಂಗೆಯೆದ್ದ ಯೆಹೂದ್ಯರಾದ ಮಕ್ಕಬಿಯರು ಶುದ್ಧಮಾಡಿದ್ದು 164ರ ಕಿಸ್ಲೇವಿನಲ್ಲಿ. ಮೂರು ವರ್ಷ, 1150ಕ್ಕೆ ಸುಮಾರು 55 ದಿನ ಕಡಿಮೆ. ದಿನಕ್ಕೆ ದಿನ ಕೂಡುವುದಿಲ್ಲ, ಒಪ್ಪಬೇಕಾದ್ದೇ. 2300ನ್ನು ಪೂರ್ತಿ ದಿನಗಳೆಂದು ಹಿಂದಕ್ಕೆ ಎಣಿಸಿದರೆ ಕ್ರಿ.ಪೂ. 170ಕ್ಕೆ, ಮಹಾಯಾಜಕ ಮೂರನೇ ಓನಿಯಾಸನ ಕೊಲೆಯ ಆಸುಪಾಸಿಗೆ ಹೋಗುತ್ತದೆ. ಯಾವುದನ್ನು ಹಿಡಿದರೂ ಪ್ರಶ್ನೆ ಕೇಳಿದ ಲೋಕದೊಳಗೇ ಉತ್ತರವಿದೆ.

ಯಾಜಕಕಾಂಡ 16ರೊಂದಿಗೆ ಗಂಟುಹಾಕುವುದು ಇನ್ನೂ ಕಷ್ಟ. ಅಲ್ಲಿ ‘ಶುದ್ಧಿ’ಗೆ ಬಳಸುವ ಪದ 8:14ರಲ್ಲಿಲ್ಲ; ಇಲ್ಲಿರುವುದು ‘ನ್ಯಾಯವಾಗಿರು, ಸರಿಯಾಗಿರು’ ಎಂಬ ಅರ್ಥದ ಧಾತು. ಯೋಬ 4:17ರಲ್ಲಿ ಎರಡೂ ಜೋಡಿಯಾಗಿ ಬರುತ್ತವೆ ಎಂದು ಅಡ್ವೆಂಟಿಸ್ಟರು ತೋರಿಸುತ್ತಾರೆ, ಸರಿ. ಆದರೆ ಯಾಜಕಕಾಂಡದಲ್ಲಿ ಗುಡಾರ ಮೈಲಿಗೆಯಾಗುವುದು ಇಸ್ರಾಯೇಲರ ಸ್ವಂತ ಪಾಪದಿಂದ, ಇಲ್ಲಿ ಶತ್ರುವಿನ ತುಳಿತದಿಂದ. ಕೊಂಬು ಮಾಡಿದ ಹಾಳಿಗೆ ವಿಶ್ವಾಸಿಗಳ ಕಡತ ತೆರೆದು ವಿಚಾರಿಸುವುದು ಹೇಗೆ ಪರಿಹಾರ?

ಸಂದರ್ಭದ ಈ ತೊಡಕನ್ನು ಅಡ್ವೆಂಟಿಸ್ಟ್ ಪಂಡಿತ ಡೆಸ್ಮಂಡ್ ಫೋರ್ಡ್ ಕೂಡ ಎತ್ತಿದ್ದರು. 1980ರಲ್ಲಿ ಕೊಲೊರಾಡೊದ ಗ್ಲೇಸಿಯರ್ ವ್ಯೂನಲ್ಲಿ ಸಭೆ ಅದನ್ನು ಚರ್ಚಿಸಿತು. ಅವರ ಬೋಧಕ ಅಧಿಕಾರಪತ್ರ ಹೋಯಿತು, ತೊಡಕು ಹೋಗಲಿಲ್ಲ. ಪಾಠ ಹೇಳುವವರು 14ರಿಂದ ಶುರು ಮಾಡದೆ 9ನೇ ವಚನದಿಂದ ಗಟ್ಟಿಯಾಗಿ ಓದಿಸಲಿ, ಆಮೇಲೆ ಇಬ್ರಿಯ 9:12 ತೆರೆಯಲಿ. ಕ್ರಿಸ್ತನು ಪವಿತ್ರಾಲಯವನ್ನು ‘ಒಂದೇ ಸಾರಿ’ ಪ್ರವೇಶಿಸಿದನು ಎಂದು ಅಲ್ಲಿದೆ, ಅದೂ ಒಂದನೇ ಶತಮಾನದ ಓದುಗರಿಗೆ, ಆಗಲೇ ಆಗಿಹೋದ ಸಂಗತಿಯಾಗಿ.