ಸ್ಪಷ್ಟನೆ: ಹದಿಹರೆಯದ ಮಕ್ಕಳಿಗೆ ಆರು ಗಂಟೆ ನಿದ್ದೆ ಸಾಲದು

‘ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಆರು ಗಂಟೆ ನಿದ್ದೆ ಸಾಕು, ಬೆಳಿಗ್ಗೆ ಬೇಗ ಏಳದವರು ಸೋಮಾರಿಗಳು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ನಿದ್ದೆಯ ತಜ್ಞ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲೇ ಹೇಳಿದೆ.

ಸೋಮಾರಿತನದ ಮಾತಂತೂ ಅನ್ಯಾಯ. ಹರೆಯ ಬಂದಾಗ, ನಿದ್ದೆಯ ಹೊತ್ತಾಯಿತು ಎಂದು ಮೈಗೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ. ಹತ್ತಕ್ಕೆ ಲೈಟ್ ಆರಿಸಿದರೂ ಹುಡುಗಿ ತಿರುಗುವ ಫ್ಯಾನ್ ನೋಡುತ್ತಾ ಮಲಗಿರುತ್ತಾಳೆ. ನಿದ್ದೆ ಹತ್ತುವುದು ಹನ್ನೊಂದೂವರೆಗೆ. ಐದಕ್ಕೆ ಅಲಾರಾಂ ಹೊಡೆದರೆ ಸಿಕ್ಕಿದ್ದು ಐದೂವರೆ ಗಂಟೆ ಅಷ್ಟೇ ಅಲ್ವಾ? ಓದಿದ್ದು ತಲೆಯಲ್ಲಿ ನಿಲ್ಲುವುದಕ್ಕೂ ನಿದ್ದೆ ಬೇಕು.

ಹಾಸಿಗೆಯಲ್ಲಿ ಮೊಬೈಲ್ ಹಿಡಿದರೆ ಇನ್ನೂ ತಡವಾಗುತ್ತದೆ, ಅದು ನಿಜ. ಫೋನನ್ನು ನಡುಮನೆಯಲ್ಲೇ ಚಾರ್ಜಿಗೆ ಹಾಕಿಸಿ. ಆದರೆ ದಯವಿಟ್ಟು ಸುಮ್ನೆ ಬೈದು ಎಬ್ಬಿಸಬೇಡಿ.