ಸ್ಪಷ್ಟನೆ: ಫೋಟೊ ದೊಡ್ಡದಿದ್ದ ಮಾತ್ರಕ್ಕೆ ವರದಿ ಸುಳ್ಳಲ್ಲ

"ಕಂಪನಿಯ ವಾರ್ಷಿಕ ವರದಿಯಲ್ಲಿ ಸಿಇಒ ಫೋಟೊ ದೊಡ್ಡದಿದ್ದರೆ ಪರಿಸರದ ಲೆಕ್ಕವೆಲ್ಲ ಸುಳ್ಳು, ಸಂಶೋಧನೆಯೇ ಹೇಳಿದೆ" ಎಂಬ ಮಾತು ಮೈಸೂರಿನ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

2007ರಲ್ಲಿ ಚಟರ್ಜಿ ಮತ್ತು ಹ್ಯಾಂಬ್ರಿಕ್ ಎಂಬ ಸಂಶೋಧಕರು ವಾರ್ಷಿಕ ವರದಿಗಳಲ್ಲಿನ ಸಿಇಒ ಫೋಟೊ ಗಮನಿಸಿದ್ದು ನಿಜ. ಜೊತೆಗೆ ಸಿಇಒಗೂ ಅವರ ನಂತರದ ಅಧಿಕಾರಿಗೂ ಇರುವ ಸಂಬಳದ ಅಂತರ, ಸಿಇಒ ಮಾತಿನಲ್ಲಿ 'ನಾನು' ಎಷ್ಟು ಸಲ ಬಂತು ಎಂಬುದನ್ನೂ ನೋಡಿದ್ದರು. ಅವರು ಅಳೆದದ್ದು ಸಿಇಒಗಳ ಆತ್ಮಪ್ರೀತಿಯನ್ನು, ವರದಿಯ ಸತ್ಯವನ್ನಲ್ಲ.

ಬಾಸ್ ಸ್ವಭಾವದ ನೆರಳು ವರದಿಯ ಮೇಲೆ ಬೀಳಬಹುದು. ಯಾವುದನ್ನು ಮುಂದಿಡಬೇಕು, ಯಾವುದನ್ನು ಸುಮ್ನೆ ಒಂದು ಸಾಲಲ್ಲಿ ಮುಗಿಸಬೇಕು ಅನ್ನೋದು ಅವರ ಕೈಲೂ ಇರುತ್ತದೆ, ಅಲ್ವಾ? ಆದರೆ ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಮೊದಲ 1000 ಕಂಪನಿಗಳಿಗೆ 2022-23ರಿಂದ ಷೇರುಪೇಟೆ ನಿಯಂತ್ರಕ ಸೆಬಿಯ ಬಿಆರ್‌ಎಸ್‌ಆರ್ ವರದಿ (ಪರಿಸರ, ಸಮಾಜದ ಹೊಣೆಯ ಲೆಕ್ಕ ಕೊಡುವ ವರದಿ) ಕಡ್ಡಾಯ. ಅದರಲ್ಲಿ ನೀರಿನ ಕೋಷ್ಟಕವಿದೆ: ನದಿ-ಕೆರೆಯಂಥ ಮೇಲ್ಮೈ ನೀರೆಷ್ಟು, ಬೋರ್‌ವೆಲ್‌ನಂಥ ಅಂತರ್ಜಲವೆಷ್ಟು, ಎಲ್ಲ ಕಿಲೋಲೀಟರ್‌ನಲ್ಲಿ. ಕಾವೇರಿ, ಕಬಿನಿ ನೀರು ಕುಡಿಯುವವರು ದಯವಿಟ್ಟು ಅದನ್ನು ತೆರೆದು ನೋಡಿ. ಹಿಂದಿನ ವರ್ಷದ ಅಂಕಿಯೂ ಪಕ್ಕದಲ್ಲೇ ಇರುತ್ತದೆ.