ದಾರಿ ಕೇಳಿದರೆ ‘ಹೊರಗೇ ಇರಿ’ ಎಂಬ ಒಂದೇ ಉತ್ತರ

ಅಮೆರಿಕದ ದೊಡ್ಡ ವಿಮಾನ ನಿಲ್ದಾಣಗಳ ಸುತ್ತಲಿನ ಬ್ರಾವೋ, ಅಂದರೆ ‘ಬಿ’ ವರ್ಗದ ನಿಯಂತ್ರಿತ ವಾಯುಪ್ರದೇಶವನ್ನು, ಖಾಸಗಿ ಪೈಲಟ್ ಒಬ್ಬ ವಿಎಫ್‌ಆರ್‌ನಲ್ಲಿ, ಅಂದರೆ ಹೊರಗೆ ಕಣ್ಣಿಟ್ಟು ಹಾರುವ ನಿಯಮದಡಿ, ದಾಟಲು ಕಾನೂನಿನ ಅಡ್ಡಿಯಿಲ್ಲ. ಅದಕ್ಕೆ ಬೇಕಾದದ್ದು ರೇಡಿಯೊ, ರೇಡಾರ್‌ಗೆ ಉತ್ತರಿಸಿ ಎತ್ತರ ತಿಳಿಸುವ ಟ್ರಾನ್ಸ್‌ಪಾಂಡರ್, 2020ರ ಜನವರಿಯಿಂದೀಚೆಗೆ ವಿಮಾನ ಎಲ್ಲಿದೆಯೆಂದು ತಾನಾಗಿ ಸಾರುವ ಎಡಿಎಸ್-ಬಿ ಉಪಕರಣ, ಮತ್ತು ಒಳಹೋಗುವ ಮುನ್ನ ವಾಯುಸಂಚಾರ ಕಂಟ್ರೋಲರ್ ಬಾಯಿಂದ ಬರಬೇಕಾದ ಕ್ಲಿಯರೆನ್ಸ್, ಅಂದರೆ ಅನುಮತಿ. ಮೊದಲ ಮೂರಕ್ಕೆ ನಾನು ಸಾವಿರಾರು ಡಾಲರ್ ಸುರಿದಿದ್ದೇನೆ. ನಾಲ್ಕನೆಯದು ನಾನು ಹಾರುವ ಕಡೆ ದುಡ್ಡಿಗೂ ಸಿಗುವುದಿಲ್ಲ, ವಿನಯಕ್ಕೂ ಸಿಗುವುದಿಲ್ಲ.

ದೂರದಿಂದಲೇ ಕರೆದು, ಎಲ್ಲಿದ್ದೇನೆ, ಯಾವ ಎತ್ತರದಲ್ಲಿದ್ದೇನೆ, ಎಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ಕ್ರಮವಾಗಿ ಹೇಳಿದರೆ ‘ಸ್ಟ್ಯಾಂಡ್‌ಬೈ’ (ಸ್ವಲ್ಪ ಕಾಯಿರಿ) ಎಂಬ ಉತ್ತರ ಬರುತ್ತದೆ. ಇದಕ್ಕಿಂತ ಸಣ್ಣ ನಿಲ್ದಾಣಗಳ ಸುತ್ತಲಿನ ಚಾರ್ಲಿ ಅಥವಾ ಡೆಲ್ಟಾ (‘ಸಿ’, ‘ಡಿ’ ವರ್ಗದ) ಪ್ರದೇಶವಾಗಿದ್ದರೆ, ನನ್ನ ವಿಮಾನದ ಸಂಖ್ಯೆ ಹೇಳಿ ‘ಸ್ಟ್ಯಾಂಡ್‌ಬೈ’ ಎಂದರೂ ಸಂಪರ್ಕ ಆದಂತೆಯೇ ಲೆಕ್ಕ, ಒಳಗೆ ಹೋಗಬಹುದು. ಬ್ರಾವೋದಲ್ಲಿ ಹಾಗಲ್ಲ, ‘ಕ್ಲಿಯರ್ಡ್’ ಎಂಬ ಮಾತು ಕಿವಿಗೆ ಬೀಳಲೇಬೇಕು. ಗಡಿ ಇನ್ನೇನು ಬಂತು ಎನ್ನುವಾಗ ಆ ಮಾತಿನ ಬದಲು ‘ರಿಮೇನ್ ಔಟ್‌ಸೈಡ್ ಬ್ರಾವೋ’, ಬ್ರಾವೋದ ಹೊರಗೇ ಇರಿ, ಎನ್ನುತ್ತಾರೆ. ಕಾರಣವನ್ನು ಹೇಳುವುದಿಲ್ಲ, ಎಷ್ಟು ಹೊತ್ತು ಎಂಬುದನ್ನೂ ಹೇಳುವುದಿಲ್ಲ. ಊರಿನಿಂದ ಬಂದು ಪಕ್ಕದಲ್ಲಿ ಕುಳಿತಿದ್ದ ನಮ್ಮ ಸೋದರಮಾವ, “ತಾಲ್ಲೂಕು ಕಚೇರಿಯಲ್ಲಾದರೂ ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಅಂತ ಹೇಳ್ತಾರಲ್ಲೋ” ಎಂದಾಗ ನನ್ನ ಬಳಿ ಉತ್ತರವಿರಲಿಲ್ಲ.

ಇದು ಬರೀ ಸುತ್ತುದಾರಿಯ ತೊಂದರೆಯಾಗಿದ್ದರೆ ಸುಮ್ಮನಿರುತ್ತಿದ್ದೆ. ಬ್ರಾವೋ ತಲೆಕೆಳಗಾದ ಮೆಟ್ಟಿಲುಗಳಂತೆ, ನಿಲ್ದಾಣದಿಂದ ದೂರ ಹೋದಂತೆ ತಳ ಮೇಲೇರುತ್ತ, ಇರುವುದರಿಂದ ಅನುಮತಿ ಸಿಗದವರೆಲ್ಲ ಅದರ ತಳದ ಕೆಳಗೆ ನುಸುಳಬೇಕು. ನನ್ನದರಂಥ ಒಂದೇ ಇಂಜಿನ್ನಿನ ಸಣ್ಣ ವಿಮಾನ ಸೆಸ್ನಾ 172, ಇಂಜಿನ್ ನಿಂತರೆ, ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ತೇಲಬಲ್ಲದು. 4,500 ಅಡಿಯಲ್ಲಿದ್ದರೆ ಇಳಿಯಲು ಒಂದು ರನ್‌ವೇಯನ್ನೋ ಬಯಲನ್ನೋ ಹುಡುಕಿಕೊಳ್ಳಬಹುದು. 1,500 ಅಡಿಯಲ್ಲಿ, ಮನೆಗಳ ಮೇಲೆ, ಏನನ್ನು ಹುಡುಕುವುದು? ಅದೇ ಇಕ್ಕಟ್ಟಿನಲ್ಲಿ ನನ್ನಂತೆ ಹೊರದಬ್ಬಿಸಿಕೊಂಡ ಉಳಿದ ವಿಮಾನಗಳೂ ಎದುರಾಗುತ್ತವೆ. ಇನ್ನೂ ವಿಚಿತ್ರವೆಂದರೆ, ಬ್ರಾವೋ ಒಳಗೆ ಮೋಡಕ್ಕೆ ತಗುಲದಿದ್ದರೆ ಸಾಕು. ಅದರ ಕೆಳಗೆ ಸಾಮಾನ್ಯವಾಗಿ ಇರುವ ‘ಇ’ ವರ್ಗದ ವಾಯುಪ್ರದೇಶದಲ್ಲಿ ಮೋಡದಿಂದ 500 ಅಡಿ ಕೆಳಗಿರಬೇಕು, ಪಕ್ಕಕ್ಕೆ 2,000 ಅಡಿ ದೂರವಿರಬೇಕು. ಹೀಗೆ ಮೇಲಿನಿಂದ ಬ್ರಾವೋ ತಳವೂ ಮೋಡವೂ ಒತ್ತಿದರೆ, ಕೆಳಗಿನಿಂದ ಜನವಸತಿಯ ಮೇಲೆ ಸಾವಿರ ಅಡಿ ಇರಬೇಕೆಂಬ ನಿಯಮ ಒತ್ತುತ್ತದೆ. ಇದನ್ನು ಸುರಕ್ಷತೆಯ ಹೆಸರಿನಲ್ಲಿ ಮಾಡುತ್ತಾರೆ!

ಇತಿಹಾಸ ತಿಳಿಯದೆ ಗೊಣಗುತ್ತಿಲ್ಲ. 1986ರ ಆಗಸ್ಟ್ 31ರಂದು ಲಾಸ್ ಏಂಜಲೀಸ್ ಬಳಿಯ ಸೆರಿಟೋಸ್‌ನಲ್ಲಿ, ಅನುಮತಿಯಿಲ್ಲದೆ ನಿಯಂತ್ರಿತ ಪ್ರದೇಶಕ್ಕೆ ಬಂದಿದ್ದ ಪೈಪರ್ ಎಂಬ ಸಣ್ಣ ವಿಮಾನಕ್ಕೂ ಏರೋಮೆಕ್ಸಿಕೊದ ಡಿಸಿ-9 ಪ್ರಯಾಣಿಕ ಜೆಟ್‌ಗೂ ಡಿಕ್ಕಿಯಾಗಿ, ನೆಲದ ಮೇಲಿದ್ದವರೂ ಸೇರಿ 82 ಜನ ಸತ್ತರು. ಎತ್ತರ ತಿಳಿಸುವ ಟ್ರಾನ್ಸ್‌ಪಾಂಡರ್ ಆ ಪೈಪರ್‌ನಲ್ಲಿ ಇರಲಿಲ್ಲ. ಗಡಿ ಬೇಕು, ಒಪ್ಪುತ್ತೇನೆ. ಆದರೆ ಅದೇ ಲಾಸ್ ಏಂಜಲೀಸ್ ತನ್ನ ಮುಖ್ಯ ನಿಲ್ದಾಣದ ನೆತ್ತಿಯ ಮೇಲೆಯೇ ನಮ್ಮಂಥವರಿಗೆ ಕಾರಿಡಾರ್ ಬಿಟ್ಟಿದೆ. ಆಗ್ನೇಯಕ್ಕೆ ಹೋಗುವವರು 3,500 ಅಡಿ, ವಾಯವ್ಯಕ್ಕೆ ಹೋಗುವವರು 4,500 ಅಡಿ, ಟ್ರಾನ್ಸ್‌ಪಾಂಡರ್‌ನಲ್ಲಿ 1201 ಎಂಬ ಸಂಕೇತ, ವೇಗ 140 ನಾಟ್ ಮೀರಬಾರದು, 128.55 ಮೆಗಾಹರ್ಟ್ಸ್ ರೇಡಿಯೊದಲ್ಲಿ ನಮ್ಮ ಇರವನ್ನು ನಾವೇ ಹೇಳಿಕೊಳ್ಳಬೇಕು. ಕ್ಲಿಯರೆನ್ಸ್ ಬೇಡ, ಕಂಟ್ರೋಲರ್‌ನನ್ನು ಕಾಡುವುದೂ ಬೇಡ. ಇಳಿಯುವ, ಏರುವ ಜೆಟ್‌ಗಳು ರನ್‌ವೇ ಬಳಿ ನೆಲಕ್ಕೆ ಅಂಟಿಕೊಂಡೇ ಇರುವುದರಿಂದ ಅದರ ನೇರ ಮೇಲೆ ಆ ಎತ್ತರದ ಆಕಾಶ ಬಹುಮಟ್ಟಿಗೆ ಖಾಲಿ. ಗಿಜಿಗುಡುವುದು ರನ್‌ವೇಯ ಎರಡೂ ತುದಿಗಳ ಆಚೆ. ಈ ಲೆಕ್ಕ ನಾನು ಹಾರುವ ಕಡೆಯ ಕಂಟ್ರೋಲರ್‌ಗಳಿಗೆ ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ.

ಕಂಟ್ರೋಲರ್‌ಗಳ ಕೊರತೆಯಿದೆ, ಕೆಲಸದ ಒತ್ತಡವಿದೆ ಎಂಬ ಮಾತು ನಿಜ. ನಿಜವಾಗಿರುವುದರಿಂದಲೇ ಇಂಥದೊಂದು ದಾರಿಯನ್ನು ನಕ್ಷೆಯಲ್ಲಿ ಗೆರೆ ಎಳೆದು ಕೊಟ್ಟರೆ ಅವರ ಹೊರೆ ಇಳಿಯುತ್ತದೆ. ಅಷ್ಟೂ ಆಗದಿದ್ದರೆ ಇಪ್ಪತ್ತು ಮೈಲಿ ಆಚೆ ಮೊದಲ ಬಾರಿ ಕರೆದಾಗಲೇ ಇಲ್ಲವೆಂದುಬಿಡಲಿ. ಹೊರಳಲು ಜಾಗವೂ ಕೈಯಲ್ಲಿ ಎತ್ತರವೂ ಇರುವಾಗ ಆ ಮಾತನ್ನು ಕೇಳಿಸಿಕೊಳ್ಳಲು ನನ್ನ ತಕರಾರಿಲ್ಲ.